ಇಪ್ಪತ್ನಾಲ್ಕನೆಯ ಹಾಜರಿ

ಮೂವತ್ತೊಂದು ವರ್ಷ ರಾಣೆಬೆನ್ನೂರಿನ ಶಾಲೆಯಲ್ಲಿ ಹಾಜರಿ ಕರೆದವನು ನಾನು. ಒಂದು ದಿನವೂ ಲೆಕ್ಕ ತಪ್ಪಿದ್ದಿಲ್ಲ. ಆ ಸೊಕ್ಕು ಮುರಿಯಲೆಂದೇ ಇರಬೇಕು, 2007ರಲ್ಲಿ ನಮ್ಮ ಚರ್ಚಿನವರು ಯೆರೂಸಲೇಮಿಗೆ ಯಾತ್ರೆ ಹೊರಟಾಗ ಪಟ್ಟಿ ನನ್ನ ಕೈಗೇ ಬಂತು. ಹೊರಟವರು ಇಪ್ಪತ್ಮೂರು ಜನ. ಬಸ್ಸಿನಲ್ಲಿ ಎಣಿಸಿದಾಗಲೆಲ್ಲ ಇಪ್ಪತ್ನಾಲ್ಕು.

ಹೆಚ್ಚಿನವನು ಯಾರೆಂದು ನನಗೆ ಗೊತ್ತಿತ್ತು. ಬ್ಯಾಡಗಿಯ ಜಯವ್ವನ ಗಂಡ, ನನ್ನ ಗೆಳೆಯ, ವೀಸಾ ಬಂದ ವಾರವೇ ತೀರಿಕೊಂಡಿದ್ದ. ಅವನ ಹೆಸರು ಹೊಡೆದುಹಾಕಲು ಪೆನ್ನು ಎತ್ತಿದವನು, ಜಯವ್ವನ ಮುಖ ನೋಡಿ ಇಟ್ಟುಬಿಟ್ಟಿದ್ದೆ.

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಮ್ಮ ಕಡೆಯ ಹೆಂಗಸರ ನಂಬಿಕೆ. ಕ್ರೈಸ್ತರಾಗಿ ನಾಲ್ಕು ತಲೆಮಾರಾದರೂ ಹೋಗಿಲ್ಲ. ಜಯವ್ವ ಮದುವೆಯಲ್ಲೂ, ಪ್ರಾಸದ ಸಾಲಿನಲ್ಲಿ ಸೇರಿಸಿ ಒಡಪು ಹಾಕಿಯಾದರೂ, ಹೆಸರು ಹೇಳಿದವಳಲ್ಲ. ಈಗಲೂ ಹೇಳದಿದ್ದರೆ ಅವನು ತನ್ನ ಜೊತೆಗೇ ಇರುತ್ತಾನೆಂದು ಹಟ ಹಿಡಿದಿದ್ದಳು. ಕಿಟಕಿಯ ಸೀಟು ಖಾಲಿ ಬಿಟ್ಟು, ಅದರ ಕಡೆ ತಿರುಗಿ ಪಿಸುಗುಡುತ್ತಿದ್ದಳು. ಹೊರಗೆ ಆಲಿವ್ ತೋಪು ಕಂಡಾಗಲೂ ಹಾಗೆಯೇ.

“ನೋಡ್ರಿ, ಸತ್ಯವೇದದಾಗಿನ ಎಣ್ಣಿಮರ ಇವ.”

ಖಾಲಿ ಸೀಟಿನಿಂದ “ಹೂಂ” ಎಂದದ್ದೂ ನನಗೆ ಕೇಳಿಸಿತು. ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ.

ಬೇತ್ಲೆಹೇಮಿನಿಂದ ಮರಳುವಾಗ ಇಸ್ರೇಲಿನವರು ಕಟ್ಟಿದ ಎತ್ತರದ ಗೋಡೆಯ ತಪಾಸಣೆ ಬಾಗಿಲಲ್ಲಿ ಬಸ್ಸು ನಿಲ್ಲಿಸಿದರು. ಸೈನಿಕನೊಬ್ಬ ಹತ್ತಿ, ನನ್ನ ಪಟ್ಟಿ ಹಿಡಿದು ಹೆಸರು ಕರೆದ. ಕೊನೆಯದು “ದಾನಿಯೇಲ್?” ಯಾರೂ ಓಗೊಡಲಿಲ್ಲ. ಒಬ್ಬನನ್ನು ಆಚೆ ಬಿಟ್ಟು ಬಂದಿದ್ದೇವೆಂದು ಅವನಿಗೆ ಗುಮಾನಿ. ಅವನು ಸತ್ತಿದ್ದಾನೆ, ಹೆಂಡತಿ ಇಲ್ಲೇ ಇದ್ದಾಳೆ ಎಂದು ನಾನು ಹೇಳಿದರೆ ಒಪ್ಪಲಿಲ್ಲ. ಹೆಂಡತಿಯೇ ಹೆಸರು ಹಿಡಿದು ಹೇಳಬೇಕಂತೆ, ಅಲ್ಲಿಯವರೆಗೆ ಬಸ್ಸು ಕದಲುವುದಿಲ್ಲವಂತೆ.

ಜಯವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಮಾಸ್ತರ, ನೀವ ಹೇಳ್ರಿ.”

“ಹೇಳೇನವಾ, ಅಂವ ನಂಬವಲ್ಲ.”

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣುವವಳು ಅವಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ತಾಸು ಕಳೆಯಿತು. ಹಿಂದಿನ ಸೀಟಿನ ದೇವವ್ವಜ್ಜಿ ಬಿಸಿಲಿನ ಝಳಕ್ಕೆ ವಾಲಿಬಿದ್ದಳು. ಅದನ್ನು ನೋಡಿ ಜಯವ್ವ ಸೆರಗು ತೆಗೆದಳು.

“ದಾನಿಯೇಲಪ್ಪ ನನ್ನ ಗಂಡ್ರಿ. ಸತ್ತಾರ್ರಿ.”

ನಮ್ಮ ಗೈಡ್ ಅದನ್ನು ಸೈನಿಕನಿಗೆ ತಿಳಿಸಿ ಹೇಳಿದ. ಸೈನಿಕ ಇಳಿದುಹೋದ. ಬಸ್ಸು ಗೋಡೆ ದಾಟಿತು. ನಾನು ಅಭ್ಯಾಸದಂತೆ ಎಣಿಸಲು ಎದ್ದು ನಿಂತೆ.

“ಎಣಸಬ್ಯಾಡ್ರಿ ಮಾಸ್ತರ,” ಎಂದಳು ಜಯವ್ವ, ಹಿಂದಿನ ಗಾಜಿನ ಕಡೆಗೇ ನೋಡುತ್ತ. “ಇಪ್ಪತ್ಮೂರ ಮಂದಿ ಅದೀವಿ. ಅವರು ಗ್ವಾಡಿ ಆಚೀಗೇ ಉಳದ್ರು.”