ಹಿಂಡಿಗೆ ಒಂಬತ್ತು ಮಾರ್ಕು

ಮನಗೂಳಿಯ ಗುರುಲಿಂಗಪ್ಪನವರ ಮನೆಯಲ್ಲಿ ಒಂದು ಪದ್ಧತಿಯಿತ್ತು. ಅಡಿಗೆ ಏನೇ ಆಗಿರಲಿ, ಊಟಕ್ಕೆ ಯಾರೇ ಬಂದಿರಲಿ, ಮೊದಲು ಬಡಿಸಬೇಕಾದದ್ದು ಯಜಮಾನರ ತಾಟಿಗೆ. ಅವರು ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ಹತ್ತಕ್ಕೆ ಇಷ್ಟು ಎಂದು ಮಾರ್ಕು ಹೇಳಬೇಕು. ಅಲ್ಲಿಯವರೆಗೆ ಬೀಗರಾಗಲಿ ಸ್ವಾಮಿಗಳಾಗಲಿ ಬರಿ ತಾಟು ನೋಡುತ್ತ ಕೂರಬೇಕು. ಹೆಂಡತಿ ವಿದ್ಯಾವತಿ ಸೌಟು ಹಿಡಿದುಕೊಂಡು, ರಿಸಲ್ಟಿಗೆ ಕಾದ ಹುಡುಗಿಯಂತೆ ನಿಂತಿರಬೇಕು. ಮದುವೆಯಾದಾಗಿನಿಂದ ಆಕೆ ಐದು ದಾಟಿರಲಿಲ್ಲ. ಹೆಚ್ಚು ಕಡಿಮೆ ದಿನಾ ನಾಲ್ಕೇ. ತಲೆ ನೆರೆತರೂ ನಾಲ್ಕೇ.

ಗುರುಲಿಂಗಪ್ಪನವರು ಆಲಮಟ್ಟಿಯ ಅಣೆಕಟ್ಟಿನ ಕಚೇರಿಯಲ್ಲಿ ಮ್ಯಾನೇಜರ್ ಆಗಿದ್ದವರು. ಅಲ್ಲಿಗೆ ಬಂದಿದ್ದ ಪರವೂರಿನ ದೊಡ್ಡ ಇಂಜಿನಿಯರೊಬ್ಬ ಅವರಿಗೆ ವೈನಿನ ರುಚಿ ಹತ್ತಿಸಿದ. ಗ್ಲಾಸು ಹೇಗೆ ಹಿಡಿಯಬೇಕು, ಹೇಗೆ ತಿರುಗಿಸಿ ಮೂಸಬೇಕು, ಯಾವ ಊಟಕ್ಕೆ ಯಾವ ವೈನು ಎಂಬುದನ್ನೆಲ್ಲ ಕಲಿಸಿ, ಹೋಗುವಾಗ ಉದ್ದ ಕಾಲಿನ ಗ್ಲಾಸುಗಳನ್ನೂ ಕೊಟ್ಟುಹೋದ. ಅಷ್ಟೇ ಸಾಕಾಯಿತು. ನಿವೃತ್ತರಾಗಿ ಊರಿಗೆ ಬಂದು ದ್ರಾಕ್ಷಿ ತೋಟ ಮಾಡಿದ ಮೇಲಂತೂ ಇವರನ್ನು ಹಿಡಿಯುವವರೇ ಇಲ್ಲ. ಮನಗೂಳಿಯ ಬಸ್‌ಸ್ಟ್ಯಾಂಡಿನ ಹತ್ತಿರ ವೈನ್ಸ್ ಎಂದು ಬೋರ್ಡು ಹಾಕಿದ ಅಂಗಡಿಯಿತ್ತು. ಅಲ್ಲಿ ವೈನ್ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತಿತ್ತು. ಇಂಥ ಊರಿನಲ್ಲಿ ಇವರು ಪುಣೆಯಿಂದ ಬಾಟಲಿ ತರಿಸಿ, ಹಾಡುಹಗಲೇ ಪಡಸಾಲೆಯಲ್ಲಿ ಕೂತು, ಬದನೆಕಾಯಿ ಎಣ್ಣೆಗಾಯಿಗೆ ಕೆಂಪು ವೈನು, ಪುಂಡಿಪಲ್ಯಕ್ಕೆ ಬಿಳಿಯದು ಎಂದು ಹೊಂದಿಸುತ್ತಿದ್ದರು. ಯಾರಾದರೂ ಹುಬ್ಬೇರಿಸಿದರೆ, "ಇದು ದಾರೂ ಅಲ್ಲೋ, ಹಣ್ಣಿನ ರಸ. ನಿಮ್ಮ ನಾಲಿಗಿಗೆ ಇದೆಲ್ಲಿ ತಿಳೀಬೇಕು" ಎನ್ನುತ್ತಿದ್ದರು. ವೈನಿಗೆ ಏಳು, ಎಂಟು ಬೀಳುತ್ತಿತ್ತು. ಪಕ್ಕದ ತಾಟಿನ ಎಣ್ಣೆಗಾಯಿಗೆ ಮಾತ್ರ ನಾಲ್ಕು.

ವಿದ್ಯಾವತಿ ನಾಲ್ಕನ್ನು ನುಂಗಿಕೊಂಡಳು. ಆಕೆ ನುಂಗಲಾರದೆ ಉಳಿದದ್ದು ಒಂದು ಸೊನ್ನೆ. ಅದು ಆಕೆಯ ತಾಯಿಗೆ ಬಿದ್ದದ್ದು.

ಮೋರಟಗಿಯ ಬಾಳಮ್ಮ, ಮಗಳ ಮನೆಗೆ ಮೊದಲ ಸಲ ಬಂದಾಗ ಒಂದು ಡಬ್ಬಿ ಶೇಂಗಾ ಹಿಂಡಿ ಕುಟ್ಟಿ ತಂದಿದ್ದಳು. ಈ ಸೀಮೆಯಲ್ಲಿ ಹಿಂಡಿ ಎಂದರೆ ಎರಡು. ಹುರಿದ ಶೇಂಗಾಕ್ಕೆ ಖಾರಪುಡಿ, ಬಳ್ಳೊಳ್ಳಿ, ಉಪ್ಪು ಹಾಕಿ ಒರಳಿನಲ್ಲಿ ಕುಟ್ಟಿ ರೊಟ್ಟಿಯ ಜೊತೆ ತಿನ್ನುವುದು ಒಂದು. ಗಾಣದಲ್ಲಿ ಶೇಂಗಾದ ಎಣ್ಣೆಯನ್ನೆಲ್ಲ ತೆಗೆದ ಮೇಲೆ ಉಳಿದ ಗಸಿ ಗಟ್ಟಿಯಾಗಿ, ದನದ ಬಾಯಿಗೆ ಬೀಳುವುದು ಇನ್ನೊಂದು. ಎರಡಕ್ಕೂ ಹೆಸರು ಅದೇ. ಹೊಸ ಅಳಿಯ ಅತ್ತೆಯ ಹಿಂಡಿಯನ್ನು ಬೆರಳ ತುದಿಗೆ ತಗೊಂಡು ನೆಕ್ಕಿ, ಪಡಸಾಲೆಯ ತುಂಬ ಕೂತಿದ್ದ ಬಂಧುಬಳಗಕ್ಕೆ ಕೇಳುವಂತೆ ಹೇಳಿದರು: "ಅತ್ತಿ, ನೀವು ಡಬ್ಬಿ ತಪ್ಪಿ ದನದ ಹಿಂಡಿ ತಂದೀರಿ ನೋಡ್ರಿ. ಸೊನ್ನಿ." ಹೇಳಿ ಸುಮ್ಮನಾಗಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಡಬ್ಬಿಯನ್ನು ಎಮ್ಮೆ ಮೇಯುವ ಗ್ವಾದಲಿಯಲ್ಲಿ ಬೋರಲು ಹಾಕಿದರು. ಎಮ್ಮೆ ಬಾಯಿ ಹಾಕಿ, ಖಾರಕ್ಕೆ ಸೀನಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳ ಬಾಳು ನೋಡಬೇಕಲ್ಲ, ಬಾಳಮ್ಮನೂ ನಕ್ಕಳು. ಆಮೇಲೆ ಎಷ್ಟು ಸಲ ಬಂದರೂ ಆ ಮನೆಯಲ್ಲಿ ನೀರಿನ ಹೊರತು ಏನನ್ನೂ ಮುಟ್ಟಲಿಲ್ಲ. ಹಾಗೆಯೇ ಸತ್ತಳು.

ಗುರುಲಿಂಗಪ್ಪನವರು ಬಾಗೇವಾಡಿ ರಸ್ತೆಯಲ್ಲಿ ಸ್ಕೂಟರಿನಿಂದ ಬಿದ್ದದ್ದು ಹೋದ ಬೇಸಿಗೆಯಲ್ಲಿ. ಹಿಂದಲೆಗೆ ಪೆಟ್ಟು. ವಿಜಾಪುರದ ಡಾಕ್ಟರರು ಫೋಟೋ ತೆಗೆಸಿ, ಏನೂ ಆಗಿಲ್ಲ ಎಂದು ಕಳಿಸಿದರು. ಮನೆಗೆ ಬಂದು ಕೆಲವು ದಿನ ಕಳೆದಿರಬೇಕು, ವಿದ್ಯಾವತಿ ಒಲೆಯ ಮೇಲೆ ಹಾಲಿಟ್ಟು ಹಿತ್ತಲಿಗೆ ಹೋಗಿದ್ದಳು. ತಿರುಗಿ ಬರುವಷ್ಟರಲ್ಲಿ ಹಾಲು ಉಕ್ಕಿ, ತಳ ಹಿಡಿದು ಕರಕಲಾಗಿತ್ತು. ಸೀದ ವಾಸನೆ ಓಣಿಯವರೆಗೆ ಹೋಗಿತ್ತು. ಅಡಿಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡ ಗಂಡ ಮಾತ್ರ ಆರಾಮಾಗಿ ಪೇಪರ್ ಓದುತ್ತಿದ್ದರು.

ವಿದ್ಯಾವತಿ ಪಾತ್ರೆ ಇಳಿಸಿ, ಅವರ ಮೂಗನ್ನು ನೋಡಿದಳು. ಮಧ್ಯಾಹ್ನ ಬೇಳೆಗೆ ಒಗ್ಗರಣೆ ಹಾಕದೆ, ಬರಿ ಉಪ್ಪು ಖಾರ ಹಾಕಿ ಬಡಿಸಿದಳು. ಗುರುಲಿಂಗಪ್ಪನವರು ಕಣ್ಣು ಮುಚ್ಚಿದರು, ಚಪ್ಪರಿಸಿದರು, "ನಾಕು" ಎಂದರು. ಮರುದಿನ ಆಕೆ ಜೀವಮಾನದಲ್ಲೇ ಮಾಡದಷ್ಟು ಚೆಂದ ಎಣ್ಣೆಗಾಯಿ ಮಾಡಿದಳು. "ನಾಕು."

ಮೂಗು ಹೋಗಿ ರುಚಿ ಸತ್ತವನ ಬಾಯಿಂದ ಬಂದ ನಾಲ್ಕಕ್ಕೂ, ಮೂಗು ಇದ್ದಾಗ ಬಂದ ನಾಲ್ಕಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಹಾಗಾದರೆ ಈ ಮನುಷ್ಯ ಎಂದೂ ಅಡಿಗೆಗೆ ಮಾರ್ಕು ಕೊಟ್ಟೇ ಇರಲಿಲ್ಲ. ಸೌಟು ಹಿಡಿದು ನಿಂತವಳಿಗೆ ಕೊಟ್ಟಿದ್ದ. ಇನ್ನೊಂದು ಚಿಟಿಕೆ ಜೀರಿಗೆ ಹಾಕಿದ್ದರೆ ಐದೂವರೆ ಬರುತ್ತಿತ್ತೇನೋ ಎಂದು ಹಾಸಿಗೆಯಲ್ಲಿ ಹೊರಳಿದ ತನ್ನ ಮೂರ್ಖತನ ನೆನೆದು ಆಕೆ ಅಡಿಗೆಮನೆಯಲ್ಲಿ ಒಬ್ಬಳೇ ಕೂತು ಅತ್ತಳು.

ಮಳೆಗಾಲ ಮುಗಿಯುತ್ತಲೇ ಅನೀಲಕುಮಾರನ ಫೋನು ಬಂತು. ಇಂಡಿ ತಾಲೂಕಿನವನು, ವೈನ್ ಫ್ಯಾಕ್ಟರಿ ಕಟ್ಟುತ್ತಿದ್ದ. ಸರಕಾರ ವೈನಿಗೆ ಹೊಸ ನೀತಿ ಮಾಡಿದ ಹೊತ್ತು ಅದು. ದ್ರಾಕ್ಷಿ ಬೆಳೆದವರೆಲ್ಲ ಕನಸು ಕಾಣುತ್ತಿದ್ದರು. ರುಚಿ ನೋಡಿ ಪಾಸು ಮಾಡುವವರೊಬ್ಬರು ಬೇಕಾಗಿದ್ದಾರೆ, ಭಾನುವಾರ ಬಾಟಲಿ ತರುತ್ತೇನೆ, ನಿಮ್ಮ ನಾಲಿಗೆ ಖರೆ ಅನಿಸಿದರೆ ಪ್ರತಿ ಬಾಟಲಿಯ ಮೇಲೂ ನಿಮ್ಮದೇ ಹೆಸರು ಎಂದ. ಗುರುಲಿಂಗಪ್ಪನವರು ಬದುಕಿಡೀ ಕಾದಿದ್ದೇ ಇದಕ್ಕೆ. ಬಾಟಲಿಯ ಮೇಲೆ ಹೆಸರು! ಫೋನ್ ಇಟ್ಟವರು ಹೆಂಡತಿಯನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ಬಿದ್ದಾಗಿಂದ ನನಗ ವಾಸನಿ ಬರವಲ್ದು. ಉಪ್ಪು, ಹುಳಿ, ಖಾರ ಬಿಟ್ರ ಏನೂ ತಿಳಿಯೂದಿಲ್ಲ," ಎಂದರು.

ಆ ಗಳಿಗೆಯಲ್ಲಿ ಅವರು, ಇಷ್ಟು ದಿನ ಸುಳ್ಳು ನಾಲ್ಕು ಕೊಟ್ಟೆ, ತಪ್ಪಾಯಿತು ಎಂದು ಒಂದು ಮಾತು ಅಂದಿದ್ದರೂ ವಿದ್ಯಾವತಿ ಕರಗುತ್ತಿದ್ದಳು. ಅಷ್ಟು ಅಗ್ಗಕ್ಕೆ ಸಿಗುವ ಹೆಂಗಸು ಆಕೆ.

ಗುರುಲಿಂಗಪ್ಪನವರು ಅಂದದ್ದು ಬೇರೆ. "ನಿನಗ ಕೈಯಾಗ ರುಚಿ ಇಲ್ಲಂದ್ರೂ ಮೂಗು ಮಾತ್ರ ನಾಯಿ ಮೂಗು ಇದ್ದಂಗ ಐತಿ. ಬಾಟ್ಲಿ ಅಡಿಗಿಮನ್ಯಾಗ ತೆರೆದಿಡ್ತೇನಿ. ಮೂಸಿ ನೋಡಿ ನನಗ ಹೇಳು. ಮತ್ತ ಯಾರ ಮುಂದರ ಬಾಯಿ ಬಿಟ್ಟಿ ಅಂದ್ರ ನೋಡು."

"ಆತ್ರಿ," ಎಂದಳು ವಿದ್ಯಾವತಿ.

ಭಾನುವಾರ ಅನೀಲಕುಮಾರ ಮೂರು ಬಾಟಲಿ ತಂದ. ಮೂರೂ ಕೆಂಪು ವೈನು, ಚೀಟಿ ಇಲ್ಲ, ಗುರುತಿಗೆ ಕೊರಳಿಗೆ ಕೆಂಪು, ಬಿಳಿ, ಕರಿ ದಾರ ಕಟ್ಟಿತ್ತು. ತೆರೆದ ಮೇಲೆ ಸ್ವಲ್ಪ ಹೊತ್ತು ಗಾಳಿಗೆ ಇಡಬೇಕೆಂದು ಗುರುಲಿಂಗಪ್ಪನವರು ಬಾಟಲಿಗಳನ್ನು ಅಡಿಗೆಮನೆಗೆ ಒಯ್ದಿಟ್ಟು, ಅತಿಥಿಯನ್ನು ತೋಟ ನೋಡಲು ಕರೆದುಕೊಂಡು ಹೋದರು. ವಿದ್ಯಾವತಿ ಒಂದೊಂದನ್ನೂ ಮೂಸಿ ನೋಡಿದಳು. ಊಟದ ಮುಂಚೆ ಗಂಡನ ಕೈಗೆ ನೀರು ಹಾಕುವಾಗ ಪಿಸುಗುಟ್ಟಿದಳು: ಕೆಂಪು ದಾರದ್ದು ನೇರಳೆ ಹಣ್ಣು, ಅದರ ಹಿಂದೆ ಹೊಸ ಬೆಲ್ಲ. ಬಿಳಿ ದಾರದ್ದು ಸಪ್ಪೆ. ಕರಿ ದಾರದ್ದು ಹಸಿ ಗೋಣಿಚೀಲ. ಎಲ್ಲವೂ ನಿಜ. ಆಗಿನ್ನೂ ಆಕೆಯ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

ಗುರುಲಿಂಗಪ್ಪನವರು ಗ್ಲಾಸು ತಿರುಗಿಸಿದರು, ಬೆಳಕಿಗೆ ಹಿಡಿದರು, ಸತ್ತ ಮೂಗನ್ನು ಅದರೊಳಗೆ ಇಳಿಸಿ ಧ್ಯಾನ ಮಾಡಿದರು. "ನೇರಳಿ ಹಣ್ಣು. ಹಿಂದಿಂದ... ತಡೀರಿ, ಹೊಸಾ ಬೆಲ್ಲ. ಎಂಟು. ಬಿಳೀ ದಾರದ್ದು ಸಪ್ಪಗೈತಿ, ಐದು. ಈ ಕರೀದಂತೂ ಹಸಿ ಗೋಣಿಚೀಲ. ಎರಡು."

ಅನೀಲಕುಮಾರ ತೊಡೆ ತಟ್ಟಿದ. "ಭಲೇ ಸಾಹೇಬ್ರ! ಕರೀ ದಾರದ್ದು ನಾನ ಬೇಕಂತ ಕೆಟ್ಟದ್ದು ತಂದಿದ್ದೆ. ಪುಣೆಯವ್ರೂ ಹಿಡೀಲಿಲ್ಲ ಇದನ್ನ. ಮುಗೀತು, ಬಾಟ್ಲಿ ಮ್ಯಾಲ ನಿಮ್ಮದ ಹೆಸರು."

ರೊಟ್ಟಿ ಬಂತು, ಎಣ್ಣೆಗಾಯಿ ಬಂತು. ಪದ್ಧತಿಯಂತೆ ಮಾರ್ಕು ಬಿತ್ತು, ನಾಲ್ಕು. ಅನೀಲಕುಮಾರ ಎರಡು ಸಲ ಕೇಳಿ ಹಾಕಿಸಿಕೊಂಡು, "ನಾಕು ಯಾಕ್ರಿ? ನಮ್ಮಪ್ಪ ಇಂಡ್ಯಾಗ ಗಾಣ ನಡಸ್ತಿದ್ದ, ತಾಜಾ ಶೇಂಗಾ ಎಣ್ಣ್ಯಾಗ ಉಂಡು ಬೆಳೆದೇನಿ. ಇಂಥಾ ಎಣ್ಣಿಗಾಯಿ ತಿಂದಿಲ್ಲ," ಎಂದ. ಬಾಗಿಲಲ್ಲಿ ನಿಂತಿದ್ದ ವಿದ್ಯಾವತಿಗೆ ಕಣ್ಣು ತುಂಬಿತು.

ಗುರುಲಿಂಗಪ್ಪನವರಿಗೆ ಅದು ಹಿಡಿಸಲಿಲ್ಲ. "ನಿಮಗ ಗೊತ್ತಿಲ್ಲ ಅನೀಲಕುಮಾರ, ಇವರ ಮನಿತನದ ಕೈನ ಹಂಗ," ಎಂದು ಶುರು ಮಾಡಿದರು. ವೈನು ಸ್ವಲ್ಪ ಏರಿತ್ತು. ಅತ್ತೆ ತಂದ ಹಿಂಡಿ, ಸೊನ್ನೆ, ಗ್ವಾದಲಿ, ಒಂದನ್ನೂ ಬಿಡದೆ ಹೇಳಿದರು. ಎಮ್ಮೆ ಸೀನಿದ್ದನ್ನು ತಾವೇ ಸೀನಿ ತೋರಿಸಿದರು. ಮುದುಕಿ ಹಲ್ಲು ಕಿಸಿದದ್ದನ್ನೂ ಮಾಡಿ ತೋರಿಸಿದರು. ಅನೀಲಕುಮಾರ ಮುಜುಗರದಿಂದ ರೊಟ್ಟಿ ಮುರಿಯುತ್ತ ಕೂತ.

"ಏ, ಶೇಂಗಾ ಹಿಂಡಿ ಎಲ್ಲೈತಿ? ಈ ಕೆಂಪು ದಾರದ ವೈನಿಗೆ ಅದ ಜೋಡಿ. ಬಾಟ್ಲಿ ಮ್ಯಾಲ ಹಂಗ ಬರಸೂನು."

"ಹೊಸದಾಗಿ ಕುಟ್ಟಿ ತರ್ತೇನ್ರಿ," ಎಂದಳು ವಿದ್ಯಾವತಿ.

ಕುಟ್ಟಿದ ಹಿಂಡಿ ಭರಣಿಯಲ್ಲಿ ತುಂಬಿತ್ತು. ಆಕೆ ಅದನ್ನು ದಾಟಿ ಹಿತ್ತಲಿಗೆ ಹೋದಳು. ಎಮ್ಮೆಯ ಮೇವಿನ ಚೀಲದಿಂದ, ಮಳೆಗಾಲದ ಥಂಡಿಗೆ ಮುಗ್ಗಿದ ದನದ ಹಿಂಡಿಯ ಒಂದು ಗಟ್ಟಿ ಮುರಿದು ತಂದು ಒರಳಿಗೆ ಹಾಕಿದಳು. ಉಪ್ಪು ಸರಿಯಾಗಿ ಹಾಕಿದಳು. ಖಾರ ಸರಿಯಾಗಿ ಹಾಕಿದಳು. ಅವರ ನಾಲಿಗೆಯಲ್ಲಿ ಉಳಿದಿದ್ದದ್ದು ಅವೇ ತಾನೇ? ಕುಟ್ಟುವಾಗ ಕಮಟು ವಾಸನೆ ಮೂಗಿಗೆ ಅಡರಿತು. ಅವ್ವ ನೆನಪಾದಳು. ಕೈ ನಿಲ್ಲಲಿಲ್ಲ.

ಬಟ್ಟಲು ತಂದು ಗಂಡನ ತಾಟಿಗೆ ಬಡಿಸಿದಳು. ಗುರುಲಿಂಗಪ್ಪನವರು ರೊಟ್ಟಿಯ ಚೂರಿಗೆ ಹಚ್ಚಿಕೊಂಡು ತಿಂದು, ಮೇಲೆ ಒಂದು ಗುಟುಕು ವೈನು ಕುಡಿದರು. ಕಣ್ಣು ಮುಚ್ಚಿದರು. ಅತಿಥಿಯ ಮುಂದೆ ದೊಡ್ಡತನ ತೋರಿಸುವ ಹೊತ್ತು, ಕೈ ಧಾರಾಳವಾಯಿತು.

"ಒಂಬತ್ತು! ಹೆಂಗ ಹೊಂದೈತಿ ನೋಡ್ರಿ. ಹುರದ ಶೇಂಗಾ, ಬಳ್ಳೊಳ್ಳಿ, ಆಮ್ಯಾಲ ಆ ನೇರಳಿ ಹಣ್ಣು. ಏ, ಇವರಿಗೂ ಹಾಕು."

"ಸ್ವಲ್ಪ ಆಗೇತ್ರಿ. ಅವರಿಗೆ ಭರಣ್ಯಾಗಿಂದ ತರ್ತೇನಿ."

"ಹಾಕು ಅಂದ್ರ ಹಾಕು," ಎಂದು ಗುರುಲಿಂಗಪ್ಪನವರು ತಾವೇ ಬಟ್ಟಲನ್ನು ಅನೀಲಕುಮಾರನ ಮುಂದೆ ತಳ್ಳಿದರು.

ಅನೀಲಕುಮಾರ ಚಿಟಿಕೆ ತಗೊಂಡ. ಬಾಯಿಯ ಹತ್ತಿರ ಒಯ್ದ ಕೈ ಅಲ್ಲೇ ನಿಂತಿತು. ಇನ್ನೊಮ್ಮೆ ಮೂಸಿದ. "ಸಾಹೇಬ್ರ, ಇದು ದನದ ಹಿಂಡಿ," ಎಂದ. "ಗಾಣದ ಮನ್ಯಾಗ ಹುಟ್ಟಿದಾವ ನಾನು. ಮುಗ್ಗ ಹಿಡದೈತಿ. ನಿಮಗ ವಾಸನಿ ಬರಲಿಲ್ಲೇನು?"

ಗುರುಲಿಂಗಪ್ಪನವರ ಬಾಯಿ ಅಗಿಯುತ್ತ ಅಗಿಯುತ್ತ ನಿಂತಿತು. ಅನೀಲಕುಮಾರ ಬಾಟಲಿಗಳನ್ನು ಬೆನ್ನ ಹಿಂದೆ ಮರೆಮಾಡಿ, ಕೆಂಪು ದಾರದ್ದನ್ನು ಒಂದು ಗ್ಲಾಸಿಗೆ, ಬಿಳಿ ದಾರದ್ದನ್ನು ಇನ್ನೊಂದಕ್ಕೆ ಸುರಿದು ಮುಂದಿಟ್ಟ. "ನೇರಳಿ ಹಣ್ಣು ಯಾವದ್ರಾಗ ಐತಿ, ಹೇಳ್ರಿ."

ಗುರುಲಿಂಗಪ್ಪನವರು ಒಂದನ್ನು ಮೂಸಿದರು. ಇನ್ನೊಂದನ್ನು ಮೂಸಿದರು. ಕೊನೆಗೆ ತಲೆ ಎತ್ತಿ ಹೆಂಡತಿಯ ಮುಖ ನೋಡಿದರು. ಇಷ್ಟು ವರ್ಷ ಸೌಟು ಹಿಡಿದು ಆಕೆ ಅವರ ಮುಖವನ್ನು ಹೇಗೆ ನೋಡುತ್ತಿದ್ದಳೋ ಹಾಗೆ. ವಿದ್ಯಾವತಿ ಸೆರಗು ಸರಿಮಾಡಿಕೊಂಡು ಗೋಡೆಯ ಕಡೆ ತಿರುಗಿದಳು.

"ಇದು," ಎಂದು ಗುರುಲಿಂಗಪ್ಪನವರು ಬಿಳಿ ದಾರದ ಗ್ಲಾಸು ತೋರಿಸಿದರು.

ಅನೀಲಕುಮಾರ ಕೈ ತೊಳೆದುಕೊಂಡ. ಬಾಟಲಿಗಳನ್ನು ಚೀಲಕ್ಕೆ ಹಾಕಿದ. ಹೊಸ್ತಿಲಲ್ಲಿ ನಿಂತು, "ಅಕ್ಕಾರ, ಮುಂಜಾನಿ ವಾಸನಿ ನೋಡಿದವ್ರು ನೀವ ಏನು?" ಎಂದು ಮೆಲ್ಲಗೆ ಕೇಳಿದ.

"ನಾವು ದಾರೂ ಮುಟ್ಟೂದಿಲ್ರಿ," ಎಂದಳು.

ಜೀಪಿನ ಸದ್ದು ದೂರವಾಗುವವರೆಗೂ ಗುರುಲಿಂಗಪ್ಪನವರು ತಾಟಿನ ಮುಂದಿಂದ ಏಳಲಿಲ್ಲ. "ಗೊತ್ತಿದ್ದು ಗೊತ್ತಿದ್ದು ತಿನಿಸಿದೇನು?" ಎಂದರು.

"ಒಂಬತ್ತು ಕೊಟ್ರಲ್ಲ," ಎಂದಳು ವಿದ್ಯಾವತಿ. "ನಮ್ಮವ್ವಗ ಸೊನ್ನಿ ಕೊಟ್ಟಿದ್ರಿ."

ಮರುದಿನದಿಂದ ಆ ಮನೆಯಲ್ಲಿ ಮಾರ್ಕು ನಿಂತಿತು. ವಿದ್ಯಾವತಿ ಎಂದಿನಂತೆ ಅಡಿಗೆ ಮಾಡುತ್ತಿದ್ದಳು, ಎಂದಿಗಿಂತ ಅಚ್ಚುಕಟ್ಟಾಗಿಯೇ. ಎಲ್ಲಕ್ಕಿಂತ ಮೊದಲು ಒಂದು ತಾಟು ತನಗೆ ಬಡಿಸಿಕೊಂಡು, ಅಡಿಗೆಮನೆಯಲ್ಲಿ ಕೂತು ನಿಧಾನವಾಗಿ ಉಣ್ಣುತ್ತಿದ್ದಳು. ಗುರುಲಿಂಗಪ್ಪನವರು ಕಾಯುತ್ತಿದ್ದರು. ತಾಟು ಮುಂದೆ ಬಂದರೆ ತುತ್ತನ್ನು ಬೆಳಕಿಗೆ ಹಿಡಿದು ನೋಡುವರು, ಬೆರಳಲ್ಲಿ ಕೆದಕುವರು, ಮೂಸುವರು, ಏನೂ ತಿಳಿಯದೆ ಆಕೆಯತ್ತ ನೋಡುವರು. ತಿಂಗಳೊಪ್ಪತ್ತಿನಲ್ಲಿ ಅವರ ಅಂಗಿ ಹೆಗಲಿನಿಂದ ಜಾರತೊಡಗಿತು.

"ಇದೇನು?" ಎಂದು ಒಂದು ಮಧ್ಯಾಹ್ನ ರೊಟ್ಟಿಯ ಪಕ್ಕದ ಕೆಂಪು ಪುಡಿ ತೋರಿಸಿ ಕೇಳಿದರು.

"ಹಿಂಡಿ."

"ಯಾವ ಹಿಂಡಿ?"

ವಿದ್ಯಾವತಿ ಸೌಟನ್ನು ತಾಟಿನ ಅಂಚಿಗೆ ಬಡಿದು ಒಳಗೆ ಹೋದಳು.