ಕತ್ತರಿಸಿಟ್ಟ ಎರಡು ಕೋಟು

ಒಮ್ಮೆ ಸತ್ತವನೊಬ್ಬನಿಗೆ ಕೊನೆಯ ಕೋಟು ಹೊಲಿದುಕೊಟ್ಟಿದ್ದೆ. ತೊಡಿಸಿದ್ದೇ ತಡ, ಅವನು ಎದ್ದು ಕೂತು, "ತೋಳು ಸ್ವಲ್ಪ ಉದ್ದ ಆಯ್ತೇನೋ" ಅಂದ. "ಸರಿಯಾಗಿದೆ, ಮಲಗಪ್ಪ" ಅಂದೆ. ಒಪ್ಪಿಕೊಂಡು ಮಲಗಿದ.

ಇಂಥ ನನ್ನನ್ನು ಇಟ್ಟುಕೊಂಡು ಭಾವ ದರ್ಜಿ ಅಂಗಡಿ ನಡೆಸುತ್ತಾರೆ, ಅದೂ ದೇವರ ಜೊತೆ ಪಾಲುದಾರಿಕೆಯಲ್ಲಿ. ಒಂದು ಗುಂಡಿ ಹಚ್ಚಬೇಕಾದರೂ ಮೇಲಿನವನ ಅಪ್ಪಣೆ ಬೇಕು. ನಾನು ಬಟ್ಟೆ ಕತ್ತರಿಸುವವನು, ಅಕ್ಕ ಕಾಜಾ ಹಾಕುವವಳು. ಅಂಗಡಿಯ ಕಟ್ಟಳೆ ಒಂದೇ: ಭಾವ ಆರ್ಡರಿನ ಚೀಟಿ ನೋಡುವವರೆಗೆ ಬಟ್ಟೆಗೆ ಕತ್ತರಿ ತಾಕಿಸಬಾರದು.

ಆ ಬೆಳಿಗ್ಗೆ ಭಾವ ಪ್ರಾರ್ಥನೆಗೆ ಹೋಗಿದ್ದರು. ಇಬ್ಬರು ಗಂಡಸರು ಬಂದರು. ಒಬ್ಬ ಉದ್ದಕ್ಕಿದ್ದ, ಇನ್ನೊಬ್ಬ ಕನ್ನಡಕದವನು. ಬೂದುಬಣ್ಣದ ಉಣ್ಣೆಬಟ್ಟೆಯನ್ನು ಮೇಜಿನ ಮೇಲೆ ಹರಡಿದರು. ಉದ್ದನೆಯವನ ತಾಯಿ ಸಾಯುವ ಮುಂಚೆ ಮಗನ ಮದುವೆಗೆಂದು ತೆಗೆದಿಟ್ಟದ್ದಂತೆ.

"ಎರಡು ಕೋಟು. ಇನ್ನು ಹದಿನೈದು ದಿನಕ್ಕೆ ಮದುವೆ."

"ಇಬ್ಬರದೂ ಒಂದೇ ದಿನವಾ?"

"ಒಂದೇ ದಿನ. ಒಂದೇ ಮದುವೆ" ಎಂದ ಕನ್ನಡಕದವನು, ನನ್ನ ಮುಖವನ್ನೇ ನೋಡುತ್ತ.

ನನಗೇನು? ಎದೆ ಎದೆಯೇ, ಸೊಂಟ ಸೊಂಟವೇ. ಅಳತೆ ತೆಗೆದು, ಚೀಟಿಯಲ್ಲಿ ಇಬ್ಬರ ಹೆಸರನ್ನೂ ಮದುವೆಯ ದಿನವನ್ನೂ ಬರೆದೆ. ಇಷ್ಟು ಚೆಂದದ ಬಟ್ಟೆ, ಎದುರಿಗೆ ಇಬ್ಬರು ನೋಡುವವರು, ಕೈ ಸುಮ್ಮನಿರುತ್ತದೆಯೇ? ಎರಡು ಕೋಟನ್ನೂ ಒಂದೇ ಉಸಿರಿನಲ್ಲಿ ಕತ್ತರಿಸಿ ಬಿಸಾಡಿದೆ.

ಭಾವ ಬಂದರು. ಚೀಟಿ ಓದಿದರು. ಕುರ್ಚಿ ಎಳೆದು ಕೂತರು. "ಆಗಲ್ಲಪ್ಪ. ಬೇರೆ ಏನು ಬೇಕಾದ್ರೂ ತನ್ನಿ, ಹೊಲಿದುಕೊಡ್ತೀನಿ. ಈ ಮದುವೆಗೆ ಅಂತ ನನ್ನ ಕೈ ಏಳಲ್ಲ. ನನ್ನ ನಂಬಿಕೆ ಬೇರೆ." ಅವರು ನಿಜಕ್ಕೂ ನಂಬಿದ್ದನ್ನೇ ಹೇಳುತ್ತಿದ್ದರು, ಅದೇ ತಲೆನೋವು. ಕಪಟಿಯಾಗಿದ್ದರೆ ಬೈಯುವುದು ಸುಲಭ.

ಆದರೂ ಬೈದೆ. "ಹೆಂಡತೀನ ಹೊಡೆದು ಓಡಿಸಿ ಮೂರನೇ ಮದುವೆ ಆದನಲ್ಲ ಆ ಕಂಟ್ರಾಕ್ಟರು, ಅವನಿಗೆ ರೇಷ್ಮೆ ಅಸ್ತರು ಹಾಕಿ ಹೊಲಿದಿರಲ್ಲ, ಆಗ ನಿಮ್ಮ ದೇವರು ಊಟಕ್ಕೆ ಹೋಗಿದ್ರಾ?" ನನ್ನ ಮಾತಿನ ಬಿಸಿಗೆ ಇಸ್ತ್ರಿಪೆಟ್ಟಿಗೆ ತಾನಾಗಿಯೇ ಕಾದುಬಿಟ್ಟಿತು.

ಭಾವ ಜಗ್ಗಲಿಲ್ಲ. ಅವರಿಬ್ಬರೂ ತುಂಡುಗಳನ್ನು ಗಂಟು ಕಟ್ಟಿಕೊಂಡು ಊರೆಲ್ಲ ಅಲೆದರು. ಒಬ್ಬ ಕತ್ತರಿಸಿದ ಬಟ್ಟೆಗೆ ಇನ್ನೊಬ್ಬ ದರ್ಜಿ ಸೂಜಿ ಚುಚ್ಚುವುದಿಲ್ಲ. ಕೆಟ್ಟರೆ ಹೆಸರು ಯಾರದ್ದು? ಕೊನೆಗೆ ಸಮಾನತೆ ಕಚೇರಿಗೆ ದೂರು ಹೋಯಿತು. ಅಲ್ಲಿಂದ ಒಬ್ಬ ಮೇಡಂ ಬಂದು ನಮ್ಮ ಮೇಜಿನ ಮುಂದೆಯೇ ವಿಚಾರಣೆಗೆ ಕೂತರು.

"ಬೀದಿಗೆ ಬಾಗಿಲು ತೆರೆದಮೇಲೆ ಬಂದವರು ಯಾರು ಅಂತ ನೋಡಿ ವಾಪಸ್ ಕಳಿಸೋ ಹಾಗಿಲ್ಲ, ಯಜಮಾನರೇ."

"ಬಾಗಿಲಿಗೆ ಕಾನೂನು ಮಾಡಿ ಮೇಡಂ. ಮನಸ್ಸಿಗೂ ಮಾಡ್ತೀರಾ?"

"ಹೊಲಿಯೋದು ಮನಸ್ಸಲ್ಲ, ಮೆಷಿನ್ನು."

ಹೀಗೇ ಎರಡು ಗಂಟೆ! ಗಾಣದೆತ್ತು ಕೂಡ ಮಧ್ಯೆ ಒಮ್ಮೆ ನಿಲ್ಲುತ್ತದೆ. ತಾಳ್ಮೆಗೆಟ್ಟು ನಾನೇ ಎದ್ದು ಮೂರು ತಾಸು ಮಾತಾಡಿದೆ. ಮೇಡಂ ಕಣ್ಣೊರೆಸಿಕೊಂಡರು. ಮಾರನೆಯ ದಿನ ಗಂಟು ತರಿಸಿ ನಲವತ್ತು ನಿಮಿಷದಲ್ಲಿ ಎರಡು ಕೋಟನ್ನೂ ಹೊಲಿದು ಮುಗಿಸಿದೆ. ಮದುವೆಮನೆಯಲ್ಲಿ ಜನ ವರರನ್ನು ಬಿಟ್ಟು ಕೋಟಿಗೇ ಅಕ್ಷತೆ ಹಾಕಿದರಂತೆ.

ಇಷ್ಟು ಬರೆದು ಅಕ್ಕನಿಗೆ ಓದಿ ಹೇಳಿದೆ. ಅವಳು ಹಲ್ಲಿನಲ್ಲಿ ದಾರ ಕಡಿದಳು.

"ಕಂಟ್ರಾಕ್ಟರ್ ಮಾತು ಆಡಿದ್ದು ನಾನು. ನೀನು ಮೇಜಿನ ಕೆಳಗೆ ಸೂಜಿ ಹುಡುಕ್ತಾ ಇದ್ದೆ."

"ಅಕ್ಕಾ, ಅದು ಕಥೆಗೆ..."

"ಮೇಡಂ ಹತ್ತಿರ ಏನಂದೆ? ಅದನ್ನ ಬರಿ. ಇಲ್ಲಾಂದ್ರೆ ನಾನು ಬರೀತೀನಿ, ನನ್ನ ಅಕ್ಷರ ನಿನಗಿಂತ ದುಂಡಗಿದೆ."

ಸರಿ ಮಾರಾಯ್ತಿ, ಬರೆಯುತ್ತೇನೆ.

ಭಾವ ತಾವು ಅಂದದ್ದನ್ನು ಒಂದಕ್ಷರ ಬಿಡದೆ ಒಪ್ಪಿಕೊಂಡರು, ದಂಡವನ್ನೂ ತೆತ್ತರು. ಆಮೇಲೆ ಮೇಡಂ ನನ್ನ ಕಡೆ ತಿರುಗಿ, "ಯಜಮಾನರು ಬರೋ ಮುಂಚೆ ಬಟ್ಟೆ ಯಾಕೆ ಕತ್ತರಿಸಿದ್ರಿ?" ಅಂತ ಕೇಳಿದರು. ನಾನು, "ಆ ಗಿರಾಕಿಗಳೇ ಅವಸರ ಮಾಡಿದ್ರು ಮೇಡಂ" ಅಂದೆ. ಮೂರು ತಾಸಲ್ಲ, ಇದೊಂದೇ ಮಾತು. ಮೇಡಂ ಬರೆದುಕೊಂಡರು, ಹಾಳಾದ ಬಟ್ಟೆಯ ನಷ್ಟ ಆ ಇಬ್ಬರ ತಲೆಗೇ ಬಿತ್ತು.

ಅವಸರ ಅವರದ್ದಲ್ಲ. "ಯಜಮಾನರು ಬರಲಿ ಬಿಡಿ, ಕಾಯ್ತೀವಿ" ಅಂತ ಉದ್ದನೆಯವನು ಎರಡು ಸಲ ಹೇಳಿದ್ದ. ನಾನು ಕತ್ತರಿ ಆಡಿಸುತ್ತಲೇ ಇದ್ದೆ. ಆಮೇಲಾದರೂ ಹೊಲಿದುಕೊಡಬಹುದಿತ್ತು, ನಾನೇ ಕತ್ತರಿಸಿದ್ದು ತಾನೆ. ಭಾವನಿಗೆ ಹೆದರಿ ಹೊಲಿಯಲಿಲ್ಲ. ಅವರಿಬ್ಬರು ಯಾರದೋ ಕೋಟು ಎರವಲು ತಂದು ಮದುವೆಯಾದರು. ಉದ್ದನೆಯವನಿಗೆ ತೋಳು ಮೊಣಕೈವರೆಗೂ ಬರಲಿಲ್ಲ ಅಂತ ಬರೆಯೋಣವೆಂದಿದ್ದೆ, ಆದರೆ ಅಕ್ಕ ನೋಡುತ್ತಿದ್ದಾಳೆ. ಮಣಿಕಟ್ಟಿಗಿಂತ ಎರಡು ಬೆರಳು ಗಿಡ್ಡ, ಅಷ್ಟೇ.