ಒಣಗಿದ ಚಿಪ್ಪು

ನಾನು ಒಂದು ತೆಂಗಿನ ಚಿಪ್ಪು. ಮೋಸ ಹೋದವನನ್ನು ಕಂಡರೆ ‘ಕೈಗೆ ಚಿಪ್ಪು ಬಂತು’ ಎಂದು ನೀವು ನಗುತ್ತೀರಿ. ನಗಿ, ನನಗೇನೂ ಬೇಸರವಿಲ್ಲ. ಆದರೆ ಕೈಗೆ ಚಿಪ್ಪು ಬಂದದ್ದರಿಂದಲೇ ಬದುಕಿದ ಒಬ್ಬನ ಕಥೆಯನ್ನೂ ಕೇಳಿ.

ನಾನು ಹುಟ್ಟಿದ್ದು ಯುದ್ಧದ ಕಾಲದಲ್ಲಿ, ಸಯಾಮ್ ದೇಶದ ಕಾಡಂಚಿನಲ್ಲಿ. ಮಲಯದ ರಬ್ಬರ್ ತೋಟಕ್ಕೆ ದುಡಿಯಲು ಹೋಗಿದ್ದ ಕೋಲಾರದ ಪಿಳ್ಳಪ್ಪನನ್ನೂ ಚಿಂತಾಮಣಿಯ ರಸೂಲನನ್ನೂ ಜಪಾನಿ ಸೈನಿಕರು ರೈಲುದಾರಿ ಹಾಕಲು ಅಲ್ಲಿಗೆ ಅಟ್ಟಿಕೊಂಡು ಬಂದಿದ್ದರು. ಬಿದ್ದ ಕಾಯೊಂದನ್ನು ಒಡೆದು ರಸೂಲ ನನ್ನ ಅಂಚನ್ನು ಕಲ್ಲಿಗೆ ಉಜ್ಜಿ ನಯ ಮಾಡಿದ. ಇಬ್ಬರಿಗೂ ಸೇರಿ ನಾನೊಂದೇ ಬಟ್ಟಲು.

ಮಳೆಗಾಲದಲ್ಲಿ ಪಿಳ್ಳಪ್ಪ ಚಳಿಜ್ವರದಿಂದ ಮಲಗಿದ. ಕೆಲಸಕ್ಕೆ ಬಾರದವನಿಗೆ ಗಂಜಿಯಿಲ್ಲ, ಅದು ಅಲ್ಲಿಯ ಕಾನೂನು. ಸಂಜೆ ರಸೂಲ ತನ್ನೊಬ್ಬನ ಪಾಲನ್ನು ಬಿದಿರಿನ ಅಂಡೆಯಲ್ಲಿ ತಂದು, "ಇಬ್ರುದೂ ಕೊಟ್ರು" ಎಂದ. ಬೆನ್ನು ತಿರುಗಿಸಿ ಕೂತು, ನನ್ನನ್ನು ಬಾಯಿಗಿಟ್ಟು ಸೊರ್ ಸೊರ್ ಎಂದು ಸದ್ದು ಮಾಡಿದ. ಎಂಥ ನಾಟಕಗಾರ! ನನ್ನೊಳಗೆ ಒಂದು ಹನಿಯೂ ಬಿದ್ದಿರಲಿಲ್ಲ.

"ನಂದು ಆಯ್ತು ಕಣೋ. ಹಿಡಿ, ನಿಂಗೆ ಹುಯ್ತೀನಿ."

ಪಿಳ್ಳಪ್ಪ ನನ್ನನ್ನು ಹಿಡಿದ. ಅವನ ಬೆರಳು ನನ್ನ ಒಳಮೈ ಸವರಿ ಅರೆಗಳಿಗೆ ನಿಂತಿತು. ಆಮೇಲೆ ಅವನು ಕುಡಿದ. ಹೀಗೆ ಒಂಬತ್ತು ಸಂಜೆ. ಪಿಳ್ಳಪ್ಪ ಎದ್ದು ಓಡಾಡಿದ ವಾರದಲ್ಲೇ ರಸೂಲ ಮಣ್ಣಿನ ಬುಟ್ಟಿ ಹೊತ್ತಲ್ಲೇ ಕುಸಿದ. ಮತ್ತೆ ಏಳಲಿಲ್ಲ.

ಯುದ್ಧ ಮುಗಿದು ಪಿಳ್ಳಪ್ಪ ಊರಿಗೆ ಬಂದಾಗ ಅವನ ಗಂಟಿನಲ್ಲಿ ಇದ್ದದ್ದು ನಾನೇ. ಹೆಂಡತಿ ಅಕ್ಕಯ್ಯಮ್ಮ ಹೌಹಾರಿದಳು. "ಚಿಪ್ಪಲ್ಲಿ ಉಂಡ್ರೆ ತಿರುಪೆ ಗತಿ ಬತ್ತದೆ. ತಿಪ್ಪೆಗೆ ಎಸೀರಿ!" ದಿನವೂ ಇದೇ ರಗಳೆ. ಒಮ್ಮೆ ಅವಳು ನನ್ನನ್ನು ಒಲೆಗೇ ಹಾಕಲು ಹೊರಟಾಗ ಅವನು ಅವಳ ಕೈ ಹಿಡಿದುಕೊಂಡು ಎಲ್ಲವನ್ನೂ ಹೇಳಿದ.

"ಒಣಗಿತ್ತು ಕಣೇ. ಅವ್ನು ಕುಡಿದಿಲ್ಲ ಅಂತ ನಂಗೆ ಗೊತ್ತಾಯ್ತು. ಆದ್ರೂ ಕುಡ್ದೆ."

ಶಿಬಿರದಲ್ಲಿ ಒಮ್ಮೆಯೂ ಅಳದವನು ಅಂದು ಬಿಕ್ಕಿ ಬಿಕ್ಕಿ ಅತ್ತ. ನನಗೂ ಸಂಕಟವಾಯಿತು. ಅಕ್ಕಯ್ಯಮ್ಮ ನನ್ನನ್ನು ಸೆರಗಿನಲ್ಲಿ ಒರೆಸಿದಳು.

"ನೀವು ಕುಡೀದೆ ಇದ್ದಿದ್ರೆ, ಆವಯ್ಯ ಸದ್ದು ಮಾಡಿದ್ದೆಲ್ಲಾ ದಂಡ ಆಗ್ತಿತ್ತು" ಎಂದಳು.

ಅಂದಿನಿಂದ ಆ ಮನೆಯ ಮೊದಲ ಸೌಟು ಅಂಬಲಿ ನನಗೆ. ಅದು ಜಗುಲಿಗೆ ಬಂದವರ ಪಾಲು. ಪಿಳ್ಳಪ್ಪ ತನ್ನ ಕೈಯಾರೆ ಕೊಡುತ್ತಿದ್ದ. ಎಂಬತ್ತು ದಾಟುವವರೆಗೂ ಕೊಟ್ಟ.

ಈಗ ಅವನಿಲ್ಲ. ನಾನೂ ಸೀಳು ಬಿಟ್ಟಿದ್ದೇನೆ, ಅಂಬಲಿ ನಿಲ್ಲುವುದಿಲ್ಲ. ಬಾಗಿಲ ಪಕ್ಕದ ಗೂಡಿನಲ್ಲಿ ಕೂತು ನೋಡುತ್ತಿರುತ್ತೇನೆ. ಬಂದವರನ್ನು ಮುದುಕಿ ಅಕ್ಕಯ್ಯಮ್ಮ "ಉಂಡ್ಯಾ?" ಎಂದು ಕೇಳುತ್ತಾಳೆ. ಹಸಿದಿದ್ದರೂ "ಆಯ್ತಮ್ಮ" ಎನ್ನುವುದು ನಮ್ಮ ಕಡೆಯ ಮರ್ಯಾದೆ. ಅವಳು ಕೇಳಿಸಿಕೊಳ್ಳದೆ ತಟ್ಟೆ ಇಟ್ಟೇಬಿಡುತ್ತಾಳೆ.

"ಆಯ್ತು ಅಂದೋರ ಚಿಪ್ಪು ಮುಟ್ಟಿ ನೋಡ್ಬೇಕಪ್ಪ" ಎನ್ನುತ್ತಾಳೆ.